ಒಂದು ಕೊಂಬಿನ ವ್ಯತ್ಯಾಸ

ನಮ್ಮೂರಿನಷ್ಟು ಬೇಗ ಎದ್ದು ಅಂಗಳ ಗುಡಿಸುವ ಊರು ಸುತ್ತಮುತ್ತ ಇನ್ನೊಂದಿಲ್ಲ. ಕೋಳಿ ಇನ್ನೂ ಕೊಕ್ಕು ಬಿಚ್ಚಿರುವುದಿಲ್ಲ, ಆಗಲೇ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಬರ್ ಬರ್ ಎಂದು ಪೊರಕೆಯ ಸದ್ದು. ಜಿಲ್ಲೆಯಿಂದ ಬರುವ ಸಾಹೇಬರು ಇದನ್ನು ಕಂಡು ಬೆರಗಾಗಿ ಆರು ವರ್ಷದಿಂದ ಸ್ವಚ್ಛತೆಯ ಬಹುಮಾನವನ್ನು ನಮಗೇ ಕೊಡುತ್ತ ಬಂದಿದ್ದರು. ಪೊರಕೆಯ ಜೊತೆಗೆ ಎಲ್ಲರ ಸೆರಗಿನೊಳಗೆ ಒಂದೊಂದು ಪುಟ್ಟ ಗುದ್ದಲಿ ಯಾಕಿರುತ್ತದೆ ಎಂದು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ.

ವಿಷಯ ಇಷ್ಟೇ. ನಮ್ಮೂರಲ್ಲಿ ಯಾರಿಗಾದರೂ ಆ ಜಾಗದ ಕಾಯಿಲೆ ಅಂಟಿದರೆ ಮಾರನೆಯ ಬೆಳಿಗ್ಗೆ ಅವರ ಬಾಗಿಲ ಮುಂದೆ ಒಂದು ಪರಂಗಿ ಗಿಡ ಹುಟ್ಟುತ್ತದೆ. ಕಿತ್ತರೆ ನಾಳೆ ಮತ್ತೆ ಅಷ್ಟೇ ಎತ್ತರಕ್ಕೆ ನಿಂತಿರುತ್ತದೆ. ಹಿಂದೆ ಯಾರೋ ಹಲ್ಲಿಲ್ಲದ ಯಜಮಾನರು "ಪರಂಗಿ ಹುಣ್ಣು ಹತ್ತಿದವರನ್ನ ತೋರ್ಸವ್ವ" ಎಂದು ಊರಮ್ಮನಿಗೆ ಹರಕೆ ಹೊತ್ತರಂತೆ, ಅಮ್ಮನಿಗೆ ಅದು ಹಣ್ಣು ಎಂದು ಕೇಳಿಸಿತಂತೆ. ನಾನೇನು ಪಕ್ಕದಲ್ಲಿ ನಿಂತು ಕೇಳಿದವಳಲ್ಲ. ಆದರೆ ಹಣ್ಣಿಗೂ ಹುಣ್ಣಿಗೂ ಇರುವುದು ಒಂದೇ ಒಂದು ಕೊಂಬಿನ ವ್ಯತ್ಯಾಸ ನೋಡಿ, ಆ ಕೊಂಬಿಗೆ ನಮ್ಮೂರಲ್ಲಿ ಎಲ್ಲರೂ ಹೆದರುತ್ತಾರೆ. ಶಾಲೆಯಲ್ಲಿ ಕಾಗುಣಿತ ಹೇಳಿಸುವಾಗ ಹಕಾರಕ್ಕೆ ಕೊಂಬು ಬಂದ ಕೂಡಲೆ ಮೇಷ್ಟ್ರು ಕೆಮ್ಮಿಬಿಡುತ್ತಾರೆ. ಹೀಗಾಗಿ ನಮ್ಮ ಮಕ್ಕಳೆಲ್ಲ ಹ, ಹಾ, ಹಿ, ಹೀ, ಖೊಕ್, ಖೊಕ್ ಎಂದೇ ಕಲಿತಿದ್ದಾರೆ.

ಅದಕ್ಕೆ ಊರಿನವರು ಹೊಂದಿಕೊಂಡ ಬಗೆ ಒಂದೇ ಎರಡೇ! ದುಡ್ಡಿದ್ದವರು ಅಂಗಳಕ್ಕೆ ಕಲ್ಲು ಹಾಸಿಸಿದರು. ಗಿಡ ಸಂದಿಯಲ್ಲಿ ತಲೆಯೆತ್ತಿತು. "ಅವರ ಮನೇಲಿ ಟೈಲ್ಸ್ ಹಾಕ್ಸವ್ರಂತೆ" ಎಂದರೆ ಸಾಕು, ಕೇಳಿದವರು "ಅಯ್ಯೋ ಪಾಪ, ಯಾವಾಗಿನಿಂದ?" ಅನ್ನುವರು. ಕೆಲವರು ಮೇಕೆ ಸಾಕಿದರು, ಅವು ಎಲೆಕಾಂಡ ಸಮೇತ ಮೇದು ಹಾಕುತ್ತವೆ ಎಂದು. ಇನ್ನು ಕೆಲವರು ತಮ್ಮ ಗಿಡ ಕಿತ್ತು ಪಕ್ಕದ ಮನೆಯ ಅಂಗಳದಲ್ಲಿ ನೆಟ್ಟು ಬಂದು, ಮೊದಲು ತಾವೇ "ನೋಡ್ರಪ್ಪೋ" ಎಂದು ಕೂಗುವರು. ಹೆಣ್ಣು ನೋಡಲು ಬಂದವರು ಹೆಣ್ಣಿನ ಮುಖ ನೋಡುವುದೇ ಇಲ್ಲ. ಅಂಗಳಕ್ಕೆ ಒಂದು ಚೆಂಬು ನೀರು ಸುರಿದು ನೋಡುತ್ತಾರೆ. ಹೊಸದಾಗಿ ಅಗೆದ ಕಡೆ ನೀರು ಗುಳುಂ ಎಂದು ಇಂಗಿಬಿಡುತ್ತದೆ. ಇಂಗಿದರೆ ಎದ್ದು ಹೋದರು, ನಿಂತರೆ ಲಗ್ನಪತ್ರಿಕೆ.

ನಾನು ಟೈಲರ್ ಚೆಲುವಾಂಬ. ಓದಿದ್ದು ನಾಲ್ಕನೆಯ ಕ್ಲಾಸು, ಮಿಕ್ಕಿದ್ದೆಲ್ಲ ಗಿರಾಕಿಗಳ ಬಾಯಿಂದ. ಗಂಡ ತೀರಿಕೊಂಡು ಎಂಟು ವರ್ಷ. ಬ್ಲೌಸ್ ಹೊಲಿಯುವುದರಲ್ಲಿ ನನ್ನ ಹೆಸರಿದೆ, ಆದರೆ ನನ್ನ ಅನ್ನ ಬೇಯುತ್ತಿದ್ದುದು ಏಲಕ್ಕಿ ಜೇಬಿನಿಂದ. ಏಲಕ್ಕಿ ಜೇಬು ಎಂದರೆ ಗಂಡಸರ ಪಟಾಪಟಿ ಚಡ್ಡಿಯ ಒಳಗಡೆ, ಲಾಡಿಯ ಪಕ್ಕ, ಎರಡು ಬೆರಳಗಲದ ಒಂದು ಗುಟ್ಟಿನ ಜೇಬು. ಆಸ್ಪತ್ರೆಯ ಪಡಸಾಲೆಯಲ್ಲಿ ನಿರೋಧ್ ಪೊಟ್ಟಣಗಳನ್ನು ಪುಕ್ಕಟೆ ಇಟ್ಟಿರುವ ಡಬ್ಬಿಯೊಂದಿದೆ. ಅದರಿಂದ ಯಾರು ತೆಗೆದದ್ದನ್ನೂ ಯಾರೂ ನೋಡಿಲ್ಲ, ಡಬ್ಬಿ ಮಾತ್ರ ದಿನಾ ಖಾಲಿ. ಆ ಪೊಟ್ಟಣ ಕೂರುವ ಅಳತೆಗೆ ಸರಿಯಾಗಿ ನಾನು ಜೇಬು ಹೊಲಿಯುತ್ತಿದ್ದೆ. ಬಂದವರೆಲ್ಲ ಗೋಡೆ ನೋಡಿಕೊಂಡು, "ಚೆಲುವಕ್ಕ, ಊಟ ಆದ್ಮೇಲೆ ಬಾಯಿಗೆ ಹಾಕೊಳ್ಳಕ್ಕೆ ಒಂದೆರಡು ಏಲಕ್ಕಿ ಇಟ್ಕೋಬೇಕು" ಅನ್ನುವರು. ನಾನೂ ಅಷ್ಟೇ ಗಂಭೀರವಾಗಿ, "ಎಷ್ಟು ಏಲಕ್ಕಿ ಹಿಡಿಯೋ ಹಂಗಿರಬೇಕು ಯಜಮಾನ್ರೆ?" ಎಂದು ಕೇಳುತ್ತಿದ್ದೆ.

ಹಾಗೆ ಜೇಬು ಹೊಲಿಸಲು ಬಂದವನೇ ಸಿಂಗ್ರಯ್ಯ. ಮದುವೆ ಮೆರವಣಿಗೆಗಳಲ್ಲಿ ಕೊಂಬು ಊದುವವನು. ಹಾವಿನ ಹಾಗೆ ಬಳುಕಿದ ಹಿತ್ತಾಳೆಯ ಕೊಂಬು, ಅದನ್ನು ಎತ್ತಿ ಊದಿದರೆ ಮೂರು ಬೀದಿಯ ನಾಯಿಗಳು ದನಿಗೂಡಿಸುತ್ತವೆ. ಕೆನ್ನೆ ಎರಡೂ ಉಬ್ಬಿ ಉಬ್ಬಿ ಸಡಿಲಾಗಿವೆ, ನಕ್ಕರೆ ಮುಖವೆಲ್ಲ ಅಲ್ಲಾಡುತ್ತದೆ. ಅವನು ಒಂದು ಜೇಬಿಗೆಂದು ಬಂದವನು ನಾಲ್ಕು ಸಲ ಅಳತೆ ಕೊಟ್ಟ. ನಾನೂ ನಾಲ್ಕು ಸಲ ತೆಗೆದುಕೊಂಡೆ. ಎರಡು ವರ್ಷ ಹೀಗೇ ನಡೆಯಿತು. ಈ ಬೇಸಿಗೆಯಲ್ಲಿ ಮೂರು ತಿಂಗಳು ಪರಊರುಗಳ ಲಗ್ನಗಳಿಗೆ ಊದಲು ಹೋಗಿದ್ದವನು ವಾಪಸ್ಸು ಬಂದ ಮೂರನೆಯ ವಾರ, "ಚೆಲುವಿ, ಇನ್ನು ಕದ್ದು ಬರೋದು ಸಾಕು. ಮದುವೆ ಆಗಣ. ಶುಕ್ರವಾರ ಅಕ್ಕ ಬಂದು ನೋಡ್ತಾಳೆ" ಎಂದ.

ನನಗೆ ನಲವತ್ತೊಂದು. ಬೇರೆಯವರ ಮದುವೆ ಬ್ಲೌಸಿಗೆ ಕೊಕ್ಕೆ ಹಾಕಿ ಹಾಕಿ ಬೆರಳು ತೂತಾದವಳಿಗೆ ನನ್ನದೇ ಒಂದು ಹೊಲಿದುಕೊಳ್ಳುವ ಆಸೆ ಹೇಗಾಗಿರಬೇಡ! ಹಸಿರು ಬಟ್ಟೆ ಕತ್ತರಿಸಿಯೂ ಇಟ್ಟೆ. ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದರೆ ಹೊಸ್ತಿಲ ಮುಂದೆ ಗಿಡ. ಎಲೆಗಳು ಒಳ್ಳೆ ಅಂಗೈ ಬಿಚ್ಚಿದ ಹಾಗೆ. ಏನಮ್ಮ ಚೆನ್ನಾಗಿದೀಯಾ ಎಂದು ಕೇಳುವ ಹಾಗೆ.

ಕಿತ್ತು ಹಾಕಲು ಕೈ ಚಾಚಿದೆ. ಕಿತ್ತರೆ ಶುಕ್ರವಾರ ಹೊನ್ನಾಜಮ್ಮ ಬರುತ್ತಾಳಲ್ಲ! ಸಿಂಗ್ರಯ್ಯನ ಅಕ್ಕ ಹೊನ್ನಾಜಮ್ಮ ಎಂದರೆ ಊರಿಗೆಲ್ಲ ಕೊಂಬು ಬಂದವಳು. ಅವಳ ಚೆಂಬಿನ ನೀರಿಗೆ ಇಪ್ಪತ್ತೆರಡು ಸಂಬಂಧ ಮುರಿದುಬಿದ್ದಿದ್ದವು. ನೀರಿಂಗಿದ ಕಡೆ ತುರುಬಿನ ಪಿನ್ನು ತೆಗೆದು ಚುಚ್ಚಿ, "ಎರಡು ದಿನದ ಮಣ್ಣು" ಎಂದು ಹೇಳಬಲ್ಲಳು. ಕಿತ್ತರೂ ಕೆಟ್ಟೆ, ಬಿಟ್ಟರೂ ಕೆಟ್ಟೆ. ಬೆತ್ತದ ಬುಟ್ಟಿಯೊಂದನ್ನು ಗಿಡದ ಮೇಲೆ ಮುಚ್ಚಿ ಮೇಲೊಂದು ಕಲ್ಲಿಟ್ಟೆ. ಎದುರುಮನೆ ರಂಗನಾಯ್ಕಮ್ಮ ಪೊರಕೆ ನಿಲ್ಲಿಸಿ, "ಏನ್ ಚೆಲುವಮ್ಮ, ಕೋಳಿಮರಿ ತಂದ್ಯಾ?" ಎಂದಳು. "ಹೂಂ ಕಣಮ್ಮ, ಮೊನ್ನೆ ಹುಟ್ಟಿದ್ದು." "ಸದ್ದೇ ಇಲ್ಲ?" "ಮೂಕ ಜಾತಿ."

ನೇರ ಆಸ್ಪತ್ರೆಗೆ ನಡೆದೆ. ನಮ್ಮ ಆಸ್ಪತ್ರೆಯಲ್ಲಿ ಇಂಥದ್ದಕ್ಕೆ ಆರನೆಯ ಕೋಣೆ. ಆದರೆ ಯಾರೂ ಆರನೆಯ ಕೋಣೆಗೆ ಹೋಗುವುದಿಲ್ಲ. ಎಲ್ಲರೂ ಐದನೆಯ ಕೋಣೆಯ ಕಣ್ಣಿನ ಚೀಟಿ ಮಾಡಿಸಿ, ದಾರಿ ತಪ್ಪಿದವರಂತೆ ಆರಕ್ಕೆ ನುಗ್ಗುತ್ತಾರೆ. ಕಣ್ಣಿನ ಡಾಕ್ಟರು ಪಾಪ, ಈ ಊರಿನಲ್ಲಿ ಇಷ್ಟೊಂದು ಜನಕ್ಕೆ ಕಣ್ಣಿನ ತೊಂದರೆಯಿದ್ದೂ ಒಬ್ಬರೂ ಕನ್ನಡಕ ಹಾಕುವುದಿಲ್ಲವಲ್ಲ ಎಂದು ಕೊರಗುತ್ತಿರುತ್ತಾರೆ. ಆರರಲ್ಲಿ ಕೂರುವುದು ಫಿಲೋಮಿನಾ ಸಿಸ್ಟರ್.

"ಬನ್ನಿ ಚೆಲುವಮ್ಮ, ಏನು?"

"ಕಣ್ಣು ಸಿಸ್ಟರ್. ಉರಿ."

"ಯಾವ ಕಣ್ಣು?"

"ಎರಡೂ."

"ಎಷ್ಟೆತ್ತರ ಬಂದಿದೆ?"

"ಮೊಣಕಾಲುದ್ದ" ಎಂದುಬಿಟ್ಟೆ.

ಸಿಸ್ಟರ್ ನಗಲಿಲ್ಲ. ಅದೇ ನನ್ನ ಪುಣ್ಯ. ಕಣ್ಣೀರು ಮಾತ್ರ ದಳದಳ ಸುರಿಯಿತು, ಕಣ್ಣಿನ ಚೀಟಿಗೆ ನ್ಯಾಯ ಒದಗಿಸುವ ಹಾಗೆ. ಅವರು ನೋಡಬೇಕಾದ್ದನ್ನು ನೋಡಿ, ಕೇಳಬೇಕಾದ್ದನ್ನು ಕೇಳಿದರು. "ಪರಂಗಿ ಹುಣ್ಣು ಇರಬೇಕು, ದೊಡ್ಡ ಆಸ್ಪತ್ರೇಲಿ ಸಿಫಿಲಿಸ್ ಅಂತಾರೆ. ಈಗಿನ್ನೂ ಹತ್ತಿದ್ದು, ರಕ್ತದಲ್ಲಿ ಕಾಣೋಕೆ ದಿನ ಬೇಕು. ನಿಮ್ಮೂರಲ್ಲಿ ಮಣ್ಣೇ ಮೊದಲು ಹೇಳುತ್ತೆ. ಡಾಕ್ಟರಿಗೆ ಹೇಳಿ ಇವತ್ತೇ ಸೂಜಿ ಹಾಕಿಸ್ತೀನಿ. ವಾಸಿಯಾಗೋ ಕಾಯಿಲೆ, ಅಳಬೇಡಿ. ಅವರನ್ನೂ ಕರ್ಕೊಂಡು ಬನ್ನಿ. ಒಬ್ಬರಿಗೆ ಚುಚ್ಚಿ ಒಬ್ಬರನ್ನ ಬಿಟ್ಟರೆ ಚೆಂಡಾಟ ಆಗುತ್ತೆ."

"ಯಾರ್ನ ಸಿಸ್ಟರ್? ಯಾರೂ ಇಲ್ಲ."

"ಹಾಗಾದ್ರೆ ಗಾಳೀಲಿ ಬಂತು ಅಂತ ಬರ್ಕೊಳ್ಳಲಾ?"

ನಾನು ಕಣ್ಣಿನ ಚೀಟಿಯನ್ನು ನಾಲ್ಕು ಮಡಿಕೆ ಮಾಡಿದೆ. "ಯಾರಿಂದ ಯಾರಿಗೆ ಬಂತು ಅಂತ ಊರೆಲ್ಲ ಕೇಳುತ್ತೆ ಸಿಸ್ಟರ್" ಎಂದೆ.

"ಊರು ಅದನ್ನ ಕೇಳ್ಕೊಳ್ಳಲಿ. ಇಲ್ಲಿಂದ ಮುಂದಕ್ಕೆ ಯಾರಿಗೂ ಹೋಗಬಾರದು ಅನ್ನೋದಷ್ಟೇ ನನ್ನ ತಲೆನೋವು."

ಸೂಜಿ ಸೊಂಟದ ಕೆಳಗೆ ಎರಡೂ ಕಡೆ. ಒರಗಿ ಕೂರಲಾಗದೆ ಕಿಟಕಿ ಹಿಡಿದು ನಿಂತಾಗ ಅವರ ಕ್ವಾರ್ಟರ್ಸ್ ಕಾಣಿಸಿತು. ಬಾಗಿಲ ಮುಂದೆ ಸೂರು ಮೀರಿದ ಪರಂಗಿ ಮರ, ಕೊರಳ ಸುತ್ತ ಹಣ್ಣು ಹೊತ್ತುಕೊಂಡು. ಪರಊರಿನವರಿಗೆ ನಮ್ಮ ಕಥೆ ಗೊತ್ತಿಲ್ಲ, ಆಸೆಗೆ ನೆಟ್ಟುಕೊಂಡಿದ್ದಾರೆ ಎಂದು ಊರೆಲ್ಲ ತಿಳಿದಿತ್ತು. ನಾನೂ ಹಾಗೇ ತಿಳಿದಿದ್ದೆ.

"ನೆಟ್ಟಿದ್ದಲ್ಲ" ಎಂದರು ಸಿಸ್ಟರ್, ನಾನು ಕೇಳದೆಯೇ. "ನಂದು ಬೇರೆ ಜಾತಿ, ಎಚ್‌ಐವಿ. ಪೂರ್ತಿ ಹೋಗಲ್ಲ. ಬೆಳಿಗ್ಗೆ ಕಾಫಿ ಆದ್ಮೇಲೆ ಒಂದು ಮಾತ್ರೆ, ಒಂದು ದಿನಾನೂ ತಪ್ಪಿಸಲ್ಲ. ಅದರ ಪಾಡಿಗೆ ಅದು ಮಲಗಿರುತ್ತೆ, ನನ್ನ ಪಾಡಿಗೆ ನಾನು ಡ್ಯೂಟಿಗೆ ಬರ್ತೀನಿ. ಹದಿನಾಲ್ಕು ವರ್ಷ ಆಯ್ತು. ಗಂಡನಿಗಿಲ್ಲ, ಮಗಳಿಗಿಲ್ಲ."

"ಕೀಳ್ಲಿಲ್ವ ಸಿಸ್ಟರ್?"

"ಒಂದು ವರ್ಷ ದಿನಾ ಕಿತ್ತೆ. ಒಂದು ದಿನ ಸೊಂಟ ಹಿಡ್ಕೊಂಡಿತು, ಬಿಟ್ಟೆ. ಬಿಟ್ಟ ಮೇಲೆ ಕಾಯಿ ಕಚ್ಚಿತು."

ಅಲ್ಲಿಂದ ಹೊರಟವಳು ಸಿಂಗ್ರಯ್ಯನ ಕೋಣೆಗೆ ಹೋಗುವ ಮೊದಲು ಬೀದಿಯನ್ನು ಮೂರು ಸಲ ಸುತ್ತಿದೆ. ಸೈಕಲ್ ಅಂಗಡಿಯ ಮಾಳಿಗೆಯಲ್ಲಿ ಅವನ ಕೋಣೆ. ಅಂಗಳವೂ ಇಲ್ಲ, ಬಾಗಿಲ ಮುಂದೆ ಒಂದು ಹಿಡಿ ಮಣ್ಣೂ ಇಲ್ಲ. ಏಣಿ ಹತ್ತಿದೆ. ಅವನ ಕಡೆ ಗಿಡದ ಸುಳಿವೇ ಇಲ್ಲದ್ದರಿಂದ, ಹೇಳಿದರೆ ಅವನು ಹೋಗುತ್ತಾನೆ, ಹೇಳದಿದ್ದರೆ ಅವನಿಗೂ ಬರುತ್ತದೆ ಎಂದು ನನ್ನ ಲೆಕ್ಕ. ಅವನು ಚಾಪೆಯ ಮೇಲೆ ಕುಳಿತು ಉಪ್ಪಿಟ್ಟು ತಿನ್ನುತ್ತಿದ್ದ. ನಾನು ನಿಂತೇ, ಒಂದೇ ಉಸಿರಿಗೆ, "ನನ್ನ ಬಾಗಿಲಲ್ಲಿ ಗಿಡ ಹುಟ್ಟೈತೆ" ಎಂದೆ.

ಹೌಹಾರಬೇಕಿತ್ತು ತಾನೆ? ಯಾರು ಅವನು ಎಂದು ಕೂಗಬೇಕಿತ್ತು ತಾನೆ? ಸಿಂಗ್ರಯ್ಯ ಉಪ್ಪಿಟ್ಟಿನ ತಟ್ಟೆಯಲ್ಲಿ ಸಾಸಿವೆ ಆರಿಸತೊಡಗಿದ. ಬೆಚ್ಚದ ಗಂಡಸನ್ನು ನೋಡಿ ನಾನು ಬೆಚ್ಚಿದೆ. ಕಿಟಕಿಯ ಮೊಳೆಗೆ ಅವನ ಕೊಂಬು ತೂಗುಹಾಕಿತ್ತು, ಬಾಯಿಗೆ ಟವೆಲ್ಲು ಕಟ್ಟಿತ್ತು. ಮೂರು ವಾರದಿಂದ ಕೊಂಬು ಸೋರುತ್ತಿದೆ, ರಿಪೇರಿಗೆ ಬಂದಿದೆ ಎಂದು ಅವನು ಮದುವೆಗಳಲ್ಲಿ ಬರೀ ತಾಳ ಹಾಕುತ್ತಿದ್ದ. ಹೋಗಿ ಟವೆಲ್ಲು ಎಳೆದೆ. ಕೊಂಬಿನ ಬಾಯೊಳಗಿಂದ ನಾಲ್ಕೆಲೆಯ ಪರಂಗಿ ಗಿಡ ಠೀವಿಯಿಂದ ತಲೆಯೆತ್ತಿತು. ಬಾಗಿಲಲ್ಲಿ ಮಣ್ಣು ಸಿಗದೆ ಕೊಂಬಿನೊಳಗಿನ ಬೀದಿಯ ಧೂಳಿಗೇ ಬೇರು ಬಿಟ್ಟಿತ್ತು.

"ಎಷ್ಟು ದಿನ ಆಯ್ತು?"

"ಊರಿಗೆ ಬಂದ ಮಾರನೇ ದಿನ. ಇಪ್ಪತ್ತಾಯ್ತು."

"ಇಪ್ಪತ್ತು ದಿನದಲ್ಲಿ ನಮ್ಮನೆಗೆ ಎಷ್ಟು ಸಲ ಬಂದೆ?"

ಅವನು ಬೆರಳು ಮಡಚತೊಡಗಿದ.

"ಎಣಿಸ್ಬೇಡ! ನಾಚ್ಕೆ ಇಲ್ವೇನಯ್ಯ? ನಾನು ಡಬಲ್ ಹೊಲಿಗೆ ಹಾಕಿ ಜೇಬು ಕೊಟ್ಟಿದ್ದು ಯಾತಕ್ಕೆ?"

"ಜೇಬಿತ್ತು ಕಣೆ."

"ಏಲಕ್ಕಿ?"

ಉಬ್ಬುತ್ತಿದ್ದ ಕೆನ್ನೆ ಎರಡೂ ಒಳಗೆ ಹೋಗಿದ್ದವು. "ಪರಊರಲ್ಲಿ, ಒಂದೇ ಒಂದು ಸಲ ಚೆಲುವಿ..." ಎಂದ.

"ಒಂದೇ ಸಲ ಅಂತ ಗಿಡಕ್ಕೆ ಹೇಳು."

"ಹೇಳಿದ್ರೆ ನೀನು ಬಾಗಿಲು ಹಾಕ್ಬಿಡ್ತೀಯ ಅಂತ ಭಯ ಬಿದ್ದೆ."

"ಹಾಕ್ತಿದ್ದೆ! ಒಂದು ತಿಂಗಳು ಹಾಕಿ, ಬೈದು, ಅತ್ತು, ಆಮೇಲೆ ತೆಗೀತಿದ್ದೆ. ಈಗ ಹಾಕಣ ಅಂದ್ರೆ ಬಾಗಿಲಿಗೇ ಗಿಡ ಅಡ್ಡ ಬಂದೈತೆ."

ಉಪ್ಪಿಟ್ಟಿನ ತಟ್ಟೆ ಅವನ ತಲೆಗೆ ಬೀಳಬೇಕಿತ್ತು, ಗೋಡೆಗೆ ಬಿತ್ತು. ನನ್ನ ಗುರಿ ಯಾವತ್ತೂ ಸ್ವಲ್ಪ ಎಡಕ್ಕೆ. ಅವನು ಎದ್ದು ಗೋಡೆ ಒರೆಸಿದ, ಅಂಗಿ ಹಾಕಿಕೊಂಡ, ನನ್ನ ಹಿಂದೆ ಹತ್ತು ಮಾರು ದೂರದಲ್ಲಿ ಆಸ್ಪತ್ರೆಗೆ ಬಂದ. ಆರನೆಯ ಕೋಣೆಯ ಬಾಗಿಲಲ್ಲಿ, "ಕಣ್ಣು ಮಂಜು ಸಿಸ್ಟರ್" ಎಂದ. "ಒಳಗೆ ಬನ್ನಿ, ಚಡ್ಡಿ ಬಿಚ್ಚಿ, ನೋಡೋಣ" ಎಂದರು ಅವರು. ಈಚೆಗೆ ಬರುವಾಗ ಅವನು ಕುಂಟುತ್ತಿದ್ದ. ಮೂರು ತಿಂಗಳಿಗೆ ಇಬ್ಬರೂ ಮತ್ತೆ ರಕ್ತ ಕೊಡಬೇಕು, ಅಲ್ಲಿಯವರೆಗೆ ಏಲಕ್ಕಿಯಿಲ್ಲದೆ ಹತ್ತಿರ ಸುಳಿಯಬಾರದು ಎಂದು ತಾಕೀತಾಗಿತ್ತು.

"ಶುಕ್ರವಾರ ಏನು ಮಾಡಣ?" ಎಂದ. "ನಿಂಗೆ ಜ್ವರ ಅಂತ ಅಕ್ಕಂಗೆ ಹೇಳ್ಲಾ?"

"ನೀನು ಊದೋನೋ ಅಲ್ವೋ?"

"ಹೌದು."

"ಹಂಗಾದ್ರೆ ಕೊಂಬು ತಗೊಂಡು ಬಾ. ಟವೆಲ್ಲು ಬೇಡ. ಇಪ್ಪತ್ತು ದಿನ ನನ್ನ ಹತ್ರ ಮುಚ್ಚಿಟ್ಯಲ್ಲ, ಒಂದು ದಿನ ಬೀದೀಲಿ ಬಿಚ್ಚಿಟ್ಟುಕೊಂಡು ಬಾ. ಬಂದ್ರೆ ಮದುವೆ. ಬರ್ದಿದ್ರೆ ನಿನ್ನ ದಾರಿ ನಿಂಗೆ, ನನ್ನ ಮಿಷನ್ನು ನಂಗೆ."

ಅವನ ಮುಖ ನೋಡಿದರೆ ಬರುವವನ ಮುಖವಾಗಿರಲಿಲ್ಲ. ಉಳಿದ ದಿನಗಳಲ್ಲಿ ನಾನು ಹಸಿರು ಬ್ಲೌಸಿಗೆ ಕೈ ಹಾಕಲಿಲ್ಲ.

ಶುಕ್ರವಾರ ಬಂತು. ಬುಟ್ಟಿ ತೆಗೆದೆ. ಗಿಡ ತೊಡೆಯುದ್ದ ಬೆಳೆದು, ಬುಟ್ಟಿಯ ಆಕಾರಕ್ಕೆ ಬಾಗಿತ್ತು. ಬಂದದ್ದೆಲ್ಲ ಬರಲಿ ಎಂದು ಅದರ ಸುತ್ತ ಎಂಟೆಸಳಿನ ರಂಗೋಲಿ ಬಿಟ್ಟೆ. ಎದುರುಮನೆ ರಂಗನಾಯ್ಕಮ್ಮನ ಪೊರಕೆ ಕೈಯಿಂದ ಬಿತ್ತು. "ಕೋಳಿಮರಿ ದೊಡ್ಡದಾಯ್ತು ಕಣಮ್ಮ" ಎಂದೆ.

ಹತ್ತು ಗಂಟೆಗೆ ಬೀದಿಯ ತುದಿಯಲ್ಲಿ ಗುಸುಗುಸು ಎದ್ದಿತು. ಮುಂದೆ ಹೊನ್ನಾಜಮ್ಮ, ಕೈಯಲ್ಲಿ ಹಿತ್ತಾಳೆ ಚೆಂಬು, ತಮ್ಮನಿಗೂ ತನಗೂ ಗುರುತೇ ಇಲ್ಲದವಳ ಹಾಗೆ ಬಿರಬಿರನೆ ಬರುತ್ತಿದ್ದಳು. ಇಪ್ಪತ್ತು ಹೆಜ್ಜೆ ಹಿಂದೆ ಸಿಂಗ್ರಯ್ಯ. ಹೆಗಲ ಮೇಲೆ ಕೊಂಬು, ಕೊಂಬಿನ ಬಾಯಲ್ಲಿ ಗಿಡ, ನಡೆದಂತೆಲ್ಲ ಎಲೆಗಳು ಆ ಮನೆಗೊಂದು ಈ ಮನೆಗೊಂದು ನಮಸ್ಕಾರ ಹೇಳುತ್ತ ಬರುತ್ತಿದ್ದವು. ಕಿಟಕಿಗಳೆಲ್ಲ ಒಂದೊಂದಾಗಿ ತೆರೆದುಕೊಂಡವು. ಅವನ ಕಿವಿ ಎರಡೂ ದಾಸವಾಳದ ಹಾಗೆ ಕೆಂಪಾಗಿದ್ದವು, ಕಾಲು ಮಾತ್ರ ನಿಂತಿರಲಿಲ್ಲ. ನಾನು ಒಳಗೆ ಓಡಿ ಕಾಫಿಗೆ ಇನ್ನೊಂದು ಲೋಟ ತೆಗೆದಿಟ್ಟು ಬಂದೆ.

ಹೊನ್ನಾಜಮ್ಮ ರಂಗೋಲಿಯ ಅಂಚಿಗೆ ನಿಂತಳು. "ಏನೆ ಇದು?"

"ಪರಂಗಿ ಗಿಡ ಅಕ್ಕ."

ಬೀದಿಯಲ್ಲಿ ಯಾರೋ ಹಾ ಎಂದರು. ಆ ಹೆಸರನ್ನು ಬೀದಿಯಲ್ಲಿ ನಿಂತು ಯಾರೂ ಅಂದದ್ದೇ ಇಲ್ಲ. ಒಂದು ಸಲ ಅಂದ ಮೇಲೆ ನಾಲಿಗೆಗೆ ರುಚಿ ಹತ್ತಿತು. "ಪರಂಗಿ ಹುಣ್ಣು ಅಂತಾರಲ್ಲ, ಅದು. ನಿಮ್ಮ ತಮ್ಮಂಗೂ ಐತೆ, ನಂಗೂ ಐತೆ. ಇಬ್ರೂ ಆರನೇ ಕೋಣೇಲಿ ಸೂಜಿ ಹಾಕಿಸ್ಕೊಂಡಿದೀವಿ, ವಾಸಿ ಆಗುತ್ತೆ. ಮಣ್ಣು ಅಗೆದಿಲ್ಲ, ನೀರು ಸುರಿದು ನೋಡಿ. ಸಂಬಂಧ ಒಪ್ಪಿದ್ರೆ ಒಳಗೆ ಬನ್ನಿ. ಒಪ್ದೆ ಇದ್ರೂ ಬನ್ನಿ, ಕಾಫಿ ಇಳ್ಸಿದೀನಿ."

ಹೊನ್ನಾಜಮ್ಮ ಚೆಂಬು ಎತ್ತಿದಳು. ನನ್ನ ಮುಖಕ್ಕೇ ಎರಚುತ್ತಾಳೆ ಅಂದುಕೊಂಡು ಕಣ್ಣು ಮುಚ್ಚಿದೆ. ನೀರಿನ ಸದ್ದು ಕೆಳಗೆ ಕೇಳಿಸಿತು. ಗಿಡದ ಬುಡಕ್ಕೆ, ಸಣ್ಣಗೆ, ರಂಗೋಲಿ ಅಳಿಸದ ಹಾಗೆ ಹೊಯ್ಯುತ್ತಿದ್ದಳು. ಆಮೇಲೆ ಬೀದಿಯ ಕಡೆ ತಿರುಗಿ, "ಏನ್ ನೋಡ್ತೀರ? ನಿಮ್ಮ ನಿಮ್ಮ ಟೈಲ್ಸ್ ಎತ್ತಿ ನೋಡ್ಕೊಳಿ ಹೋಗಿ!" ಎಂದು ಗದರಿದಳು. ಹನ್ನೊಂದು ಕಿಟಕಿ ಒಟ್ಟಿಗೆ ಮುಚ್ಚಿದವು.

ತಮ್ಮನನ್ನು ಅಂಗಳದಲ್ಲೇ ಬಿಟ್ಟು ಒಳಗೆ ಬಂದು, ಹೊಲಿಗೆ ಮಿಷನ್ನಿನ ಪಕ್ಕ ಕೂತು ಕಾಫಿ ಲೋಟ ಕೈಯಲ್ಲಿ ತಿರುಗಿಸತೊಡಗಿದಳು. ನನಗೆ ಅವಳ ಮೇಕೆಗಳ ನೆನಪಾಯಿತು. ಊರಲ್ಲಿ ಅವಳ ಮನೆಯ ನಾಲ್ಕು ಮೇಕೆಗೆ ಬಹಳ ಹೆಸರು.

"ಅಕ್ಕ, ಮೇಕೆ ಹಾಲು ಕುಡೀತೀರಾ?"

"ಥೂ, ವಾಸನೆ."

"ಬಾಡೂಟ?"

"ಗಂಡನ ಮನೆತನಕ್ಕೆ ಬಂದ ಮೇಲೆ ಬಿಟ್ಟೆ."

"ಮತ್ತೆ ನಾಲ್ಕು ಮೇಕೆ..."

"ಹನ್ನೊಂದು ವರ್ಷ ಕಣೆ" ಎಂದಳು ಹೊನ್ನಾಜಮ್ಮ. ದನಿ ಇಷ್ಟೇ ಇಷ್ಟು. "ಮೊದಲನೇದು ಮುದಿಯಾಗಿ ಸತ್ತು, ಅದರ ಮಗಳ ಮಗಳು ಈಗ ಮೇಯ್ತಾ ಐತೆ." ಕಾಫಿ ಮುಗಿಸಿದಳು. ಹೊರಡುವಾಗ ಬಾಗಿಲಲ್ಲಿ ನಿಂತು, ಬ್ಲೌಸ್ ಅಳತೆ ಕೇಳುವವಳ ಹಾಗೆ, "ಆ ಕೋಣೆ ಎಷ್ಟೊತ್ತಿಗೆ ತೆಗೀತಾರೆ?" ಎಂದು ಕೇಳಿದಳು.

ಕಾಯಿಲೆ ಹಳೆಯದಾದ್ದರಿಂದ ಅವಳಿಗೆ ವಾರಕ್ಕೊಂದರಂತೆ ಮೂರು ಸಲ ಸೂಜಿ ಬಿತ್ತು. ಮೂರನೆಯ ವಾರ ತನ್ನ ಯಜಮಾನರನ್ನೂ ಎಳೆದುಕೊಂಡು ಹೋಗಿದ್ದಳು. ಮನೆಯಲ್ಲಿ ಯಾವಾಗಲೂ ಪೇಪರಿನ ಹಿಂದೆ ಇರುವ ಅವರು ಅಲ್ಲಿಯೂ ಮುಖಕ್ಕೆ ಪೇಪರು ಅಡ್ಡ ಹಿಡಿದಿದ್ದರಂತೆ. ಮೇಕೆಗಳನ್ನು ಮಾರಿದ ದಿನ ಊರಿಗೆಲ್ಲ ಅರ್ಥವಾಯಿತು. ಮಾರನೆಯ ದಿನವೇ ಇನ್ನೂ ಆರು ಮನೆಯ ಮೇಕೆಗಳು ಸಂತೆಗೆ ಹೊರಟವು. ಏಲಕ್ಕಿ ಜೇಬು ಈಗ ಯಾರೂ ಒಳಗಡೆ ಹೊಲಿಸುವುದಿಲ್ಲ, ಅಂಗಿಯ ಎದೆಗೇ ಬೇಕಂತೆ, ಗುಂಡಿ ಸಮೇತ.

ಕೊಂಬಿನ ಗಿಡವನ್ನು ಸಿಂಗ್ರಯ್ಯ ಬೇರು ಹರಿಯದ ಹಾಗೆ ಬಿಡಿಸಿ ನನ್ನ ಗಿಡದ ಪಕ್ಕ ನೆಟ್ಟ. ಮೂರು ತಿಂಗಳಿಗೆ ರಕ್ತ ಕೊಟ್ಟು, ಸಿಸ್ಟರ್ ತಲೆಯಾಡಿಸಿದ ಮೇಲೆ ಮದುವೆಯಾಯಿತು. ತನ್ನ ಮದುವೆಗೆ ತಾನೇ ಊದಿಕೊಳ್ಳುತ್ತೇನೆಂದು ಅವನು ಕೊಂಬೆತ್ತಿದರೆ, ಒಳಗೆ ಉಳಿದಿದ್ದ ಮಣ್ಣೆಲ್ಲ ಹಾರಿ ಹೊನ್ನಾಜಮ್ಮನ ರೇಷ್ಮೆ ಸೀರೆಯ ಮೇಲೆ ಬಿತ್ತು. ಅವನ ಗಿಡ ಗಂಡು, ಬರೀ ಹೂವಿನ ಗೊಂಚಲು ತೂಗಾಡಿಸಿಕೊಂಡು ನಿಂತಿದೆ, ಥೇಟ್ ಅವನ ಹಾಗೆ. ನನ್ನದು ಕಾಯಿ ಕಚ್ಚಿತು.

ಈ ವರ್ಷ ಬಹುಮಾನದ ಸಾಹೇಬರು ಬಂದಾಗ ಬೆಳಗಿನ ಏಳು ಗಂಟೆ. ಒಂದು ಅಂಗಳವನ್ನೂ ಗುಡಿಸಿರಲಿಲ್ಲ, ಊರೆಲ್ಲ ಹಾಯಾಗಿ ಮಲಗಿತ್ತು. ಬಾಗಿಲು ಬಾಗಿಲಿಗೂ ಗಿಡ, ನೆಲದ ತುಂಬ ಹಳದಿ ಎಲೆ. ಅವರು ಮುಖ ಸಿಂಡರಿಸಿ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಬಹುಮಾನ ಹೋಯಿತು ಬಿಡಿ. ಬರಿಗೈಯಲ್ಲಿ ಕಳಿಸಬಾರದೆಂದು ನಾನೇ ಕರೆದು ಹಣ್ಣಿನ ಹೋಳು ಕೊಯ್ದುಕೊಟ್ಟೆ. ಒಂದು ತಿಂದರು, ಎರಡು ತಿಂದರು, ಕೈಯೊರೆಸಿಕೊಳ್ಳುತ್ತ, "ಬಲು ಸಿಹಿಯಮ್ಮ. ಈ ಕಡೆ ಇದಕ್ಕೆ ಏನಂತೀರಿ?" ಎಂದು ಕೇಳಿದರು.

ಎದುರುಮನೆಯಿಂದ ರಂಗನಾಯ್ಕಮ್ಮ ಕಿವಿ ನಿಮಿರಿಸಿ ನಿಂತಿದ್ದಳು.

"ಪರಂಗಿ ಹಣ್ಣು ಅಂತೀವಿ ಸ್ವಾಮಿ" ಎಂದೆ. "ಕೊಂಬು ತೆಗೆದದ್ದು."